ಲೂಸಾ, ಲೂಜಾ? ಒಂದೇ ಥರ ಕಾಣುವ ಇಂಗ್ಲಿಷ್ ಪದಗಳಲ್ಲಿ ಯಾವುದನ್ನು ಆರಿಸಬೇಕು

ಇಂಗ್ಲಿಷಿನಲ್ಲಿ ಮೇಲ್ ಬರೆಯುತ್ತಾ ಇರುತ್ತೀರಿ. ಬೇಕಾದ ಪದ ನೆನಪಿಗೆ ಬರುತ್ತದೆ, ಬೆನ್ನಿಗೇ ಅದರ ಥರದ್ದೇ ಇನ್ನೊಂದು ಬರುತ್ತದೆ. ಅಫೆಕ್ಟಾ, ಎಫೆಕ್ಟಾ? ಪ್ರಿನ್ಸಿಪಲ್ ಕೊನೆಯಲ್ಲಿ 'ಎ-ಎಲ್' ಬರುತ್ತಾ, 'ಎಲ್-ಇ' ಬರುತ್ತಾ? ಎರಡೂ ನಿಜವಾದ ಪದಗಳೇ ಆದ್ದರಿಂದ ಕಂಪ್ಯೂಟರ್ ಎಷ್ಟೋ ಸಲ ಕೆಂಪು ಗೆರೆ ಎಳೆಯದೆ ಸುಮ್ಮನಿದ್ದುಬಿಡುತ್ತದೆ. ಮೇಲ್ ಓದುವವರಿಗೆ ಮಾತ್ರ ತಪ್ಪು ಕಾಣುತ್ತದೆ.

ನಾನು ಬೆಂಗಳೂರಿನ ವಿಜಯನಗರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಜಾಸ್ತಿ ಜನ ಕನ್ನಡ ಮೀಡಿಯಂನಲ್ಲಿ ಓದಿ ಕೆಲಸಕ್ಕೆ ಸೇರಿದವರು. ಇಂಥ ಜೋಡಿ ಪದಗಳ ಉದ್ದ ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡಿರುತ್ತಾರೆ, ಬಾಯಿಪಾಠವೂ ಮಾಡಿರುತ್ತಾರೆ. ಬರೆಯಲು ಕೂತಾಗ ಮತ್ತೆ ಅದೇ ಗೊಂದಲ. ಆ ಪಟ್ಟಿಗಳು ಇಂಗ್ಲಿಷ್ ಮನೆಮಾತಿನ ಮಕ್ಕಳಿಗಾಗಿ ಮಾಡಿದವು. ಅವರಿಗೆ ಕಷ್ಟವಾಗುವ ಜಾಗ ಬೇರೆ, ನಮಗೆ ಕಷ್ಟವಾಗುವ ಜಾಗ ಬೇರೆ.

ನಮಗೊಂದು ಅನುಕೂಲವೂ ಇದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ಇಂಥ ಜೋಡಿಗಳಲ್ಲಿ ಎಷ್ಟೋ ಸಲ ಒಂದು ಪದ ಆಗಲೇ ಕನ್ನಡಕ್ಕೆ ಬಂದುಬಿಟ್ಟಿದೆ. ಅಜ್ಜಿಯೂ ಆಡುತ್ತಾರೆ, ಆಟೋದವರೂ ಆಡುತ್ತಾರೆ. ಅದರ ಅರ್ಥ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಒಂದನ್ನು ಗಟ್ಟಿ ಹಿಡಿದುಕೊಳ್ಳಿ, ಉಳಿದದ್ದು ಇನ್ನೊಂದು ಅರ್ಥದ್ದು. ಎರಡನ್ನೂ ಒಟ್ಟಿಗೆ ಕಲಿಯಲು ಹೋದರೆ ಎರಡೂ ಕಲಸಿಕೊಳ್ಳುತ್ತವೆ.

ಮೊದಲು ಎಫೆಕ್ಟ್

ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸ್ ಒಂದರಲ್ಲಿ ಲೈನ್ ಸೂಪರ್‌ವೈಸರ್ ಆಗಿರುವವರೊಬ್ಬರು ತಾವು ಬರೆದ ರಿಪೋರ್ಟ್ ತಂದು ತೋರಿಸಿದರು. ಆ ದಿನ ಕರೆಂಟ್ ಹೋಗಿ ಟಾರ್ಗೆಟ್ ಆಗಿರಲಿಲ್ಲ. ಅವರು ಬರೆದಿದ್ದು ಹೀಗೆ: 'ಪ್ರೊಡಕ್ಷನ್ ವಾಸ್ ಎಫೆಕ್ಟೆಡ್ ಬೈ ಪವರ್ ಕಟ್.' ಎಫೆಕ್ಟ್ ಕ್ರಿಯಾಪದವಾಗಿ ಬಂದಾಗ ಅದರ ಅರ್ಥ 'ಆಗುವಂತೆ ಮಾಡು'. ಹಾಗಾಗಿ ಆ ಸಾಲನ್ನು ಇದ್ದ ಹಾಗೇ ಓದಿದರೆ, ಕರೆಂಟ್ ಹೋಗಿದ್ದರಿಂದಲೇ ಪೀಸುಗಳು ತಯಾರಾದವು ಅಂತಾಗುತ್ತದೆ. ಒಂದೇ ಅಕ್ಷರಕ್ಕೆ ಅರ್ಥ ಉಲ್ಟಾ.

ಈ ತಪ್ಪು ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಎರಡು ಕಾರಣ ಸಿಗುತ್ತವೆ. ಒಂದು, ನಾವು ಕನ್ನಡದಲ್ಲಿ 'ನಂಗೆ ತುಂಬಾ ಎಫೆಕ್ಟ್ ಆಯ್ತು' ಅನ್ನುತ್ತೇವೆ. ಹೆಸರಿಗೆ 'ಆಯ್ತು' ಸೇರಿಸಿ ಕ್ರಿಯಾಪದ ಮಾಡಿಕೊಳ್ಳುವುದು ನಮ್ಮ ರೂಢಿ. ಇಂಗ್ಲಿಷಿಗೆ ಹೋಗುವಾಗ 'ಆಯ್ತು' ಇಲ್ಲೇ ಉಳಿಯುತ್ತದೆ, ಎಫೆಕ್ಟ್ ಒಂದೇ ಹೋಗಿ ಕ್ರಿಯಾಪದದ ಜಾಗದಲ್ಲಿ ಕೂರುತ್ತದೆ. ಇನ್ನೊಂದು, ಕಿವಿಗೆ ಕೇಳುವುದು 'ಎ'ಫೆಕ್ಟ್, ಬರೆಯಬೇಕಾದ ಅಕ್ಷರ 'ಇ'. 'ಎ' ಅಕ್ಷರದಿಂದ ಶುರುವಾಗುವುದು ಅಫೆಕ್ಟ್. ನಮ್ಮ ಕಿವಿಗೆ ಇದು ತಿರುಗಾಮುರುಗಾ.

ಆರಿಸುವುದು ಹೀಗೆ. ಟೀವಿಯಲ್ಲಿ ಓಡುವ 'ಮಳೆ ಎಫೆಕ್ಟ್', ಮಾತ್ರೆಯ 'ಸೈಡ್ ಎಫೆಕ್ಟ್' ನೆನಪಿಸಿಕೊಳ್ಳಿ. ಅಲ್ಲೆಲ್ಲ ಅದು ಹೆಸರು. ಇಂಗ್ಲಿಷಿನಲ್ಲೂ ಹೆಸರಾಗಿ ಬಂದಾಗ ಅದೇ, 'ಇ' ಅಕ್ಷರದ್ದು. ಪದದ ಕೊನೆಗೆ 'ಇ-ಡಿ' ಹಚ್ಚಬೇಕಾಗಿ ಬಂದರೆ ಅಫೆಕ್ಟ್, 'ಎ' ಅಕ್ಷರದ್ದು. ಇದಕ್ಕೆ ಹೊರತಾದವೂ ಇವೆ. ಮನಃಶಾಸ್ತ್ರದಲ್ಲಿ ಅಫೆಕ್ಟ್ ಹೆಸರಾಗಿಯೂ ಬರುತ್ತದೆ. ಆಫೀಸಿನ ಬರವಣಿಗೆಗೆ ಅದು ಬೇಕಾಗುವುದಿಲ್ಲ.

ಲೂಸ್ ಮತ್ತು ಲೂಜ್

ಇದು ಸುಲಭ. 'ಅವನೊಬ್ಬ ಲೂಸು', 'ಪ್ಯಾಂಟು ಲೂಸಾಗಿದೆ', 'ಬೇಳೆ ಪ್ಯಾಕೆಟ್ ಬೇಡ, ಲೂಸ್ ಕೊಡಿ'. ಎಲ್ಲ ಕಡೆ ಬಿಗಿ ಇಲ್ಲದ್ದು, ಕಟ್ಟಿಲ್ಲದ್ದು. ಕನ್ನಡಕ್ಕೆ ಬಂದಿರುವುದು ಎರಡು 'ಓ' ಇರುವ ಲೂಸ್. ಗಾರ್ಮೆಂಟ್ಸ್‌ನವರಿಗಂತೂ ಇದು ದಿನಾ ಕಣ್ಣೆದುರಿಗೇ ಇರುತ್ತದೆ, ಚೆಕಿಂಗ್‌ನಲ್ಲಿ 'ಲೂಸ್ ಥ್ರೆಡ್' ಅಂತ ಪೀಸು ವಾಪಸ್ ಬರುತ್ತದಲ್ಲ. ಕಳೆದುಕೊಳ್ಳುವುದು, ಸೋಲುವುದು ಅನ್ನುವ ಪದ ಕನ್ನಡಕ್ಕೆ ಬಂದೇ ಇಲ್ಲ. ಅದಕ್ಕೆ ಒಂದೇ 'ಓ', ಉಚ್ಚಾರ 'ಲೂಜ್' ಥರ. ತೂಕ ಇಳಿಸಿಕೊಳ್ಳಿ ಅಂತ ಜಿಮ್ ಬೋರ್ಡಿನಲ್ಲಿ ಎರಡು 'ಓ' ಹಾಕಿದರೆ ಅದು ತೂಕ ಸಡಿಲ ಬಿಡಿ ಅಂತಾಗುತ್ತದೆ.

ಇಲ್ಲಿ ಇಂಗ್ಲಿಷಿನದೂ ಸ್ವಲ್ಪ ತಪ್ಪಿದೆ. ಆರಿಸುವುದು ಅನ್ನುವ ಅರ್ಥದ 'ಚೂಜ್'ಗೆ ಎರಡು 'ಓ' ಇದೆ, ಉಚ್ಚಾರ 'ಜ' ಕಡೆಯದು. ಅದನ್ನು ನೋಡಿ 'ಲೂಜ್'ಗೂ ಎರಡು 'ಓ' ಹಾಕುವವರು ತುಂಬಾ. ಚೂಜ್ ಅನ್ನು ಬೇರೆಯಾಗಿ ಕಲಿಯಿರಿ, ಇದರ ಪಕ್ಕ ತರಬೇಡಿ.

ಕಿವಿ ತೀರ್ಮಾನಿಸುವ ಜೋಡಿಗಳು

ಲೂಸ್-ಲೂಜ್ ಒಂದು ದೊಡ್ಡ ಗುಂಪಿಗೆ ಸೇರಿದ್ದು. ಇಂಗ್ಲಿಷಿನ 'ಜೆಡ್' ಸದ್ದು ಕನ್ನಡದಲ್ಲಿ ಇಲ್ಲ. ನಾವು ಅದನ್ನು ಒಮ್ಮೆ 'ಸ' ಮಾಡುತ್ತೇವೆ, ಒಮ್ಮೆ 'ಜ' ಮಾಡುತ್ತೇವೆ. ಗಂಟಲ ಮೇಲೆ ಬೆರಳಿಟ್ಟು 'ಸ್‌ಸ್‌ಸ್' ಅನ್ನಿ, ಗಂಟಲು ಅದುರುವುದಿಲ್ಲ. ನಾಲಿಗೆ ಅಲ್ಲೇ ಇರಲಿ, ಈಗ ದನಿ ಸೇರಿಸಿ. ಗಂಟಲು ಅದುರಿದರೆ ಅದೇ 'ಜೆಡ್' ಸದ್ದು.

ಇದನ್ನು ಕಲಿಯುವುದರಿಂದ ಸ್ಪೆಲಿಂಗ್ ಕೂಡ ಸರಿಹೋಗುತ್ತದೆ. ಅಡ್ವೈಸ್, ಕೊನೆಯಲ್ಲಿ 'ಸಿ-ಇ', ಗಂಟಲು ಅದುರದು, ಸಲಹೆ ಅನ್ನುವ ಹೆಸರು. ಅಡ್ವೈಜ್, 'ಎಸ್-ಇ', ಗಂಟಲು ಅದುರುತ್ತದೆ, ಸಲಹೆ ಕೊಡು ಅನ್ನುವ ಕ್ರಿಯಾಪದ. ಡಿವೈಸ್ ಅಂದರೆ ಸಾಧನ, ಡಿವೈಜ್ ಅಂದರೆ ಉಪಾಯ ಹೂಡು. ಸ್ಪೆಲಿಂಗ್ ಬದಲಾಗದ ಕಡೆಯೂ ಇದೇ ನಡೆಯುತ್ತದೆ. ಉಪಯೋಗ ಅನ್ನುವ 'ಯೂಸ್' ಅದುರದು, ಉಪಯೋಗಿಸು ಅನ್ನುವ 'ಯೂಜ್' ಅದುರುತ್ತದೆ. ಹೆಸರಿಗೆ 'ಸ', ಕ್ರಿಯಾಪದಕ್ಕೆ 'ಜೆಡ್', ಇದು ಇಂಗ್ಲಿಷಿನ ಹಳೆಯ ಅಭ್ಯಾಸ. ಮೇಲ್‌ಗಳಲ್ಲಿ 'ಕೈಂಡ್ಲಿ ಅಡ್ವೈಜ್' ಅಂತ ಬರೆಯುತ್ತೇವಲ್ಲ, ಅಲ್ಲಿ 'ಎಸ್' ಬರಬೇಕು. ಅವರನ್ನು ಏನೋ ಮಾಡಿ ಅಂತ ಕೇಳುತ್ತಿದ್ದೀರಿ.

ಪ್ರೈಸ್ ಮತ್ತು ಪ್ರೈಜ್ ನಮಗೆ ಬಾಯಲ್ಲಿ ತಪ್ಪುವುದೇ ಇಲ್ಲ. 'ಫಿಕ್ಸೆಡ್ ಪ್ರೈಸ್' ಅನ್ನುತ್ತೇವೆ, 'ಫಸ್ಟ್ ಪ್ರೈಜ್ ಬಂತು' ಅನ್ನುತ್ತೇವೆ. ಬರೆಯುವಾಗ ನಿಮ್ಮ ಬಾಯನ್ನೇ ನಂಬಿ.

ಈ ನಿಯಮ ಲೈಸೆನ್ಸ್ ಮತ್ತು ಪ್ರಾಕ್ಟೀಸ್‌ಗೆ ಅರ್ಧ ಮಾತ್ರ ಅನ್ವಯಿಸುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ ಹೆಸರಿಗೆ 'ಸಿ', ಕ್ರಿಯಾಪದಕ್ಕೆ 'ಎಸ್', ಆದರೆ ಉಚ್ಚಾರ ಎರಡಕ್ಕೂ ಒಂದೇ. ಕಿವಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ಲೈಸೆನ್ಸ್‌ಗೆ ಎರಡು ಕಡೆಯೂ 'ಎಸ್', ಪ್ರಾಕ್ಟೀಸ್‌ಗೆ ಎರಡು ಕಡೆಯೂ 'ಸಿ'. ನಮ್ಮ ಸರ್ಕಾರಿ ಬಳಕೆ ಬ್ರಿಟಿಷ್ ಕಡೆಯದು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಡ್ರೈವಿಂಗ್ ಲೈಸೆನ್ಸ್‌ಗೆ 'ಸಿ-ಇ' ಇದೆ, ನಿಮ್ಮ ಪರ್ಸಿನಲ್ಲಿರುವ ಕಾರ್ಡನ್ನೂ ತೆಗೆದು ನೋಡಿ. ವೈಟ್‌ಫೀಲ್ಡಿನಲ್ಲಿ ಅಮೆರಿಕದ ಕಂಪನಿಗೆ ಕೆಲಸ ಮಾಡುತ್ತಿದ್ದರೆ ಅವರ ಪದ್ಧತಿ ಹಿಡಿಯಿರಿ. ಒಂದೇ ಕಾಗದದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ.

ಅಂಗಡಿ ಬೀದಿಯಲ್ಲಿ ಸಿಗುವ ಉತ್ತರ

ಸ್ಟೇಷನರಿ ಜೋಡಿಗೆ ಕಿವಿಯಿಂದ ಪ್ರಯೋಜನವಿಲ್ಲ, ಎರಡರ ಉಚ್ಚಾರವೂ ಒಂದೇ. ಲಕೋಟೆಯ ಇಂಗ್ಲಿಷ್ ಹೆಸರು ಎನ್ವಲಪ್ 'ಇ'ಯಿಂದ ಶುರುವಾಗುತ್ತದೆ, ಅದನ್ನು ನೆನಪಿಡಿ ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಈಗ ಲಕೋಟೆ ಕೊಳ್ಳುವವರು ಯಾರು? ನಾನು ಹೇಳುವುದು ಬೇರೆ. ನಿಮ್ಮ ಏರಿಯಾದ ಮೇನ್ ರೋಡಿನಲ್ಲಿ ಸಾಲಾಗಿ ಬೇಕರಿ, ಗ್ರೋಸರಿ, ಸ್ಟೇಷನರಿ ಅಂಗಡಿ ಇರುತ್ತವೆ ಅಲ್ವಾ? ಮೂರಕ್ಕೂ ಕೊನೆಯಲ್ಲಿ 'ಇ-ಆರ್-ವೈ'. ಪೆನ್ನು, ಕಾಗದ ಮಾರುವುದು ಅದು. ನಿಂತಲ್ಲೇ ನಿಂತಿರುವ ಅನ್ನುವ ಸ್ಟೇಷನರಿಗೆ 'ಎ-ಆರ್-ವೈ', ಆರ್ಡಿನರಿ, ಟೆಂಪರರಿ ಥರ ಗುಣ ಹೇಳುವ ಪದ.

ಎರಡಕ್ಕೂ ಮೂಲ ಒಂದೇ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಹಿಂದೆ ಯುರೋಪಿನಲ್ಲಿ ಜಾಸ್ತಿ ವ್ಯಾಪಾರಿಗಳು ಊರೂರು ಅಲೆದು ಮಾರುತ್ತಿದ್ದರು. ವಿಶ್ವವಿದ್ಯಾಲಯಗಳ ಹತ್ತಿರ ಪುಸ್ತಕ ಮಾರುವವರು ಮಾತ್ರ ಒಂದೇ ಕಡೆ ಅಂಗಡಿ ಹಾಕಿಕೊಂಡಿದ್ದರು. ಹಾಗೆ ನಿಂತು ಮಾರುವವನು ಸ್ಟೇಷನರ್, ಅವನ ಸಾಮಾನು ಸ್ಟೇಷನರಿ. ಅವೆನ್ಯೂ ರೋಡಿನಲ್ಲಿ ಫುಟ್‌ಪಾತಿನ ಮೇಲೆ ಹರಡಿಕೊಂಡವರು ಮತ್ತು ಒಳಗೆ ಅಂಗಡಿ ಇಟ್ಟವರು, ಇಬ್ಬರನ್ನೂ ನೋಡಿದವರಿಗೆ ಆ ವ್ಯತ್ಯಾಸ ಬೇಗ ತಿಳಿಯುತ್ತದೆ.

ಅದೇ ಬೀದಿಯ ಇನ್ನೊಂದು ಅಂಗಡಿ ಹಿಟ್ಟಿನ ಗಿರಣಿ. ಇಲ್ಲಿ ಮಾತ್ರ ನಮ್ಮ ಬಾಯಲ್ಲಿರುವ ಪದವನ್ನು ನಂಬಬಾರದು. ನಾವು 'ಫ್ಲೋರ್ ಮಿಲ್' ಅನ್ನುತ್ತೇವೆ. ಫ್ಲೋರ್ ಅಂದರೆ ನೆಲ, ಮಹಡಿ. ಹಿಟ್ಟಿನ ಪದವನ್ನು ಇಂಗ್ಲಿಷಿನವರು ಹೂವಿನ ಪದದ ಥರವೇ ಉಚ್ಚರಿಸುತ್ತಾರೆ. ಅದಕ್ಕೇ ಗಿರಣಿ ಬೋರ್ಡಿನ ಮೇಲೆ ಕೆಲವು ಕಡೆ ನೆಲ ಬರುತ್ತದೆ, ಕೆಲವು ಕಡೆ ಹೂವು ಬರುತ್ತದೆ. ಬೋರ್ಡ್ ಬರೆದವರನ್ನು ನೋಡಿ ನಗಬೇಡಿ. ಇಂಗ್ಲಿಷಿನಲ್ಲಿ ಹಿಟ್ಟು, ಹೂವು ಎರಡೂ ಮೊದಲು ಒಂದೇ ಪದವಾಗಿದ್ದವು. ಗೋಧಿಯ ಒಳ್ಳೆಯ, ನುಣ್ಣನೆಯ ಭಾಗವನ್ನು ಅದರ 'ಹೂವು' ಅಂತ ಕರೆಯುತ್ತಿದ್ದರು. 1755ರ ಜಾನ್ಸನ್ ನಿಘಂಟಿನಲ್ಲೂ ಇವೆರಡು ಬೇರೆಯಾಗಿರಲಿಲ್ಲ.

ಇದಕ್ಕೆ ಅಡುಗೆಮನೆಯಲ್ಲಿ ಉತ್ತರವಿದೆ. ಸನ್‌ಫ್ಲವರ್ ಎಣ್ಣೆ ಪ್ಯಾಕೆಟ್ ಮತ್ತು ಗೋಧಿ ಹಿಟ್ಟಿನ ಪ್ಯಾಕೆಟ್ ಪಕ್ಕಪಕ್ಕ ಇಟ್ಟು ಇಂಗ್ಲಿಷ್ ಅಕ್ಷರ ಓದಿ. ಎಣ್ಣೆಯದರಲ್ಲಿ 'ಡಬ್ಲ್ಯು' ಇದೆ, ಹಿಟ್ಟಿನದರಲ್ಲಿ 'ಓ-ಯು-ಆರ್' ಇದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಮಾರಿಗೆ ಸಿಗುವುದು ಡಬ್ಲ್ಯುದು. ಎರಡು 'ಓ' ಬಂದರೆ ಫಸ್ಟ್ ಫ್ಲೋರ್, ಸೆಕೆಂಡ್ ಫ್ಲೋರ್.

ವಿಧಾನಸೌಧದ ಎರಡು ಬದಿ

ಕೌನ್ಸಿಲ್ ಮತ್ತು ಕೌನ್ಸೆಲ್ ಜೋಡಿಗೆ ಬೆಂಗಳೂರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಂಬೇಡ್ಕರ್ ಬೀದಿಯಲ್ಲಿ ನಿಂತುಕೊಳ್ಳಿ. ಒಂದು ಬದಿ ವಿಧಾನಸೌಧ, ಅಲ್ಲಿ 75 ಸದಸ್ಯರ ವಿಧಾನ ಪರಿಷತ್ತು ಸೇರುತ್ತದೆ. ಜನ ಕೂತು ಚರ್ಚಿಸುವ ಸಭೆ, ಅದು ಕೌನ್ಸಿಲ್, 'ಸಿ-ಐ-ಎಲ್'. ಎದುರಿಗೆ ಕೆಂಪು ಬಣ್ಣದ ಅಟ್ಟಾರ ಕಚೇರಿ, 1868ರಲ್ಲಿ ಕಟ್ಟಿ ಮುಗಿಸಿದ್ದು, ಈಗಿನ ಹೈಕೋರ್ಟು. ಅಲ್ಲಿ ಕಕ್ಷಿದಾರರ ಪರ ವಾದ ಮಾಡುವ ವಕೀಲರು ಕೌನ್ಸೆಲ್, 'ಎಸ್-ಇ-ಎಲ್'. ಸಲಹೆ ಕೊಡುವುದು ಅನ್ನುವ ಅರ್ಥವೂ ಇದಕ್ಕೇ. ಲ್ಯಾಟಿನ್ನಿನಲ್ಲೂ ಸಭೆಗೊಂದು, ಸಲಹೆಗೊಂದು, ಬೇರೆ ಬೇರೆ ಪದಗಳಿದ್ದವು.

ದೂರ ಹೋಗಲಾಗದಿದ್ದರೆ ಸಿಇಟಿ ನೆನಪಿಸಿಕೊಳ್ಳಿ. ಪಿಯುಸಿ ಮಕ್ಕಳಿರುವ ಮನೆಯಲ್ಲೆಲ್ಲ 'ಕೌನ್ಸೆಲಿಂಗ್ ಯಾವಾಗ' ಅನ್ನುವುದು ಕೇಳಿಸುತ್ತದೆ. ಆ ಕೌನ್ಸೆಲಿಂಗ್‌ಗೆ 'ಎಸ್'. 'ಸಿ' ಹಾಕಿದರೆ ಅಂಥ ಪದವೇ ಇಲ್ಲ.

ಪ್ರಿನ್ಸಿಪಲ್ ಕೂಡ ಇಂಥದ್ದೇ, ಆದರೆ ಸ್ವಲ್ಪ ತಾಳ್ಮೆ ಬೇಕು. ಕಾಲೇಜಿನ ಪ್ರಿನ್ಸಿಪಲ್ಲು, ವಿಧಾನಸೌಧದ ಪ್ರಿನ್ಸಿಪಲ್ ಸೆಕ್ರೆಟರಿ, ಬ್ಯಾಂಕ್ ಸಾಲದ ಪ್ರಿನ್ಸಿಪಲ್ ಅಂದರೆ ಅಸಲು. ಕನ್ನಡದಲ್ಲಿ ಓಡಾಡುವ ಈ ಮೂರೂ ಒಂದೇ ಪದ, ಮೂರರಲ್ಲೂ ಇರುವುದು 'ಮುಖ್ಯ' ಅನ್ನುವ ಅರ್ಥ, ಕೊನೆಯಲ್ಲಿ 'ಎ-ಎಲ್'. ಸೆಂಟ್ರಲ್, ನ್ಯಾಷನಲ್ ಥರ. ಇನ್ನೊಂದಕ್ಕೆ ಒಂದೇ ಕೆಲಸ, ತತ್ವ ಅಥವಾ ನಿಯಮ. ನಿಯಮಕ್ಕೆ 'ರೂಲ್' ಅನ್ನುತ್ತೇವಲ್ಲ, ಅದರ ಕೊನೆಯಲ್ಲೂ 'ಎಲ್-ಇ', ಇದರ ಕೊನೆಯಲ್ಲೂ 'ಎಲ್-ಇ'. ರಜಾ ಅರ್ಜಿಯಲ್ಲಿ 'ಟು ದಿ ಪ್ರಿನ್ಸಿಪಲ್' ಅಂತ ಬರೆಯುವಾಗ ಮಕ್ಕಳು ತತ್ವಕ್ಕೆ ಅರ್ಜಿ ಹಾಕುವುದು ತೀರಾ ಸಾಮಾನ್ಯ. ಮನೆಯಲ್ಲಿ ಒಮ್ಮೆ ಹೇಳಿಕೊಟ್ಟರೆ ಸಾಕು.

ಸೈಟು, ಡೈ

ಬೆಂಗಳೂರಿನವರಿಗೆ ಸೈಟಿನ ಸ್ಪೆಲಿಂಗ್ ಹೇಳಿಕೊಡುವುದು ಬೇಡ. ಬಿಡಿಎ ಸೈಟು, 30-40 ಸೈಟು, ಎಲ್ಲ ದಾಖಲೆಯಲ್ಲೂ 'ಎಸ್-ಐ-ಟಿ-ಇ'. ಜಾಗ ಅನ್ನುವ ಅರ್ಥ ಬಂದರೆ ಅದೇ, ವೆಬ್‌ಸೈಟ್ ಕೂಡ. ಹುಡುಗರು 'ಸೈಟ್ ಹೊಡೆಯುವುದು' ಅನ್ನುತ್ತಾರಲ್ಲ, ಅದು ನೋಟದ ಸೈಟ್, ನಡುವೆ 'ಜಿ-ಎಚ್' ಇರುವುದು. 'ಸಿ'ಯಿಂದ ಶುರುವಾಗುವುದು ಆಧಾರ ಕೊಟ್ಟು ಹೇಳುವುದಕ್ಕೆ. ಪಿಎಚ್‌ಡಿ ಮಾಡುವವರಿಗೆ, ವಕೀಲರಿಗೆ ಬಿಟ್ಟರೆ ಉಳಿದವರಿಗೆ ಅಪರೂಪ.

ಡೈ ಇದಕ್ಕಿಂತ ನಾಜೂಕಿನದು. ಕೂದಲಿಗೆ ಹಾಕುವ, ಬಟ್ಟೆಗೆ ಹಾಕುವ ಬಣ್ಣಕ್ಕೆ 'ವೈ'. ಪೀಣ್ಯದ ವರ್ಕ್‌ಶಾಪುಗಳಲ್ಲಿ ಲೋಹಕ್ಕೆ ಆಕಾರ ಕೊಡುವ ಡೈಗೆ 'ಐ'. ಸಾಯುವುದಕ್ಕೂ 'ಐ'. ತೊಂದರೆ ಬರುವುದು 'ಐ-ಎನ್-ಜಿ' ಸೇರಿಸಿದಾಗ. ಸಾಯುತ್ತಿರುವ ಅನ್ನುವಾಗ 'ಐ' ಹೋಗಿ 'ವೈ' ಬರುತ್ತದೆ. ಆಗ ಬಣ್ಣ ಹಾಕುವುದೂ ಸಾಯುವುದೂ ಒಂದೇ ಆಗಿಬಿಡಬಾರದು ಅಂತಲೇ ಬಣ್ಣದ ಪದದಲ್ಲಿ 'ಇ' ಉಳಿಸಿಕೊಂಡಿದ್ದಾರೆ. ಡೈಯಿಂಗ್ ಯುನಿಟ್ ಬೋರ್ಡ್ ಬರೆಸುವವರು ಈ 'ಇ' ಬಿಟ್ಟರೆ ತುಂಬಾ ಕೆಟ್ಟ ಅರ್ಥ ಬರುತ್ತದೆ. ಪೇಂಟರ್ ಕೈಗೆ ಕೊಡುವ ಮೊದಲು ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಡಿ.

'ವ' ಒಂದು, ಅಕ್ಷರ ಎರಡು

'ವಿ' ಮತ್ತು 'ಡಬ್ಲ್ಯು' ಎರಡಕ್ಕೂ ನಮ್ಮಲ್ಲಿ ಒಂದೇ 'ವ'. ಅಂಗಡಿ ಮೇಲಿನ 'ವೈನ್ಸ್' ಬೋರ್ಡ್ ಎಲ್ಲರಿಗೂ ಗೊತ್ತು, ಅದು ಡಬ್ಲ್ಯು. ಬೆಂಗಳೂರು ಬ್ಲೂ ದ್ರಾಕ್ಷಿ ಬಿಡುವ ಬಳ್ಳಿ 'ವಿ'ಯ ವೈನ್. ವಿ ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತದೆ. ಡಬ್ಲ್ಯುಗೆ ಹಲ್ಲು ಬೇಡ, ತುಟಿ ಗುಂಡಗಾದರೆ ಸಾಕು. ಈ ಸಾಲಿನಲ್ಲಿ ತುಂಬಾ ತಪ್ಪುವುದು 'ವೇರಿ' ಜೋಡಿ. ಬದಲಾಗುತ್ತದೆ ಅನ್ನುವುದಕ್ಕೆ ವಿ, ಹುಷಾರಾಗಿರುವ ಅನ್ನುವುದಕ್ಕೆ ಡಬ್ಲ್ಯು. 'ಪ್ರೈಸಸ್ ಮೇ ವೇರಿ' ಅನ್ನುವಾಗ ವಿ.

ಅರ್ಥವೇ ಹತ್ತಿರ ಇರುವವು

ಕೊನೆಯಲ್ಲಿ 'ಇಕ್' ಮತ್ತು 'ಇಕಲ್' ಬರುವ ಜೋಡಿಗಳಿಗೆ ಒಂದೇ ನಿಯಮ ಅಂತಿಲ್ಲ. ಒಂದೊಂದನ್ನೂ ಬಿಡಿಯಾಗಿ ನೋಡಬೇಕು.

ಹಿಸ್ಟಾರಿಕ್ ಅಂದರೆ ಇತಿಹಾಸದಲ್ಲಿ ನೆನಪಿಡುವಷ್ಟು ದೊಡ್ಡದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ಮೆಟ್ರೋ ಓಡಿತಲ್ಲ, ಅದು ಹಿಸ್ಟಾರಿಕ್ ದಿನ. ಹಿಸ್ಟಾರಿಕಲ್ ಅಂದರೆ ಇತಿಹಾಸಕ್ಕೆ ಸಂಬಂಧಪಟ್ಟದ್ದು, ದೊಡ್ಡದೇ ಆಗಬೇಕಿಲ್ಲ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದ ಕಾಲದ ಬಗ್ಗೆ ಬರೆದ ಕಾದಂಬರಿ ಹಿಸ್ಟಾರಿಕಲ್ ಕಾದಂಬರಿ. ಅದು ಚೆನ್ನಾಗಿಲ್ಲದಿದ್ದರೂ ಹಿಸ್ಟಾರಿಕಲ್ಲೇ.

ಇಕನಾಮಿಕ್ ಅಂದರೆ ಆರ್ಥಿಕ, ದೇಶದ ಹಣಕಾಸಿನ ಮಾತು. ಇಕನಾಮಿಕಲ್ ಅಂದರೆ ಖರ್ಚು ಕಮ್ಮಿ. ಒಳ್ಳೆ ಮೈಲೇಜ್ ಕೊಡುವ ಗಾಡಿ ಇಕನಾಮಿಕಲ್.

ಕ್ಲಾಸಿಕ್ ಮತ್ತು ಕ್ಲಾಸಿಕಲ್ ಬಗ್ಗೆ ಕನ್ನಡಿಗರು ಎಚ್ಚರವಾಗಿರಬೇಕು ಅಂತ ನನಗೆ ಅನಿಸುತ್ತದೆ, ನಮ್ಮ ಭಾಷೆಯ ವಿಷಯ ಅದು. 2008ರಲ್ಲಿ ಕನ್ನಡಕ್ಕೆ ಸಿಕ್ಕಿದ್ದು 'ಕ್ಲಾಸಿಕಲ್ ಲ್ಯಾಂಗ್ವೇಜ್' ಸ್ಥಾನ, ಶಾಸ್ತ್ರೀಯ ಭಾಷೆ ಅಂತ. ಕ್ಲಾಸಿಕ್ ಅಂದರೆ ಅದರ ಥರದವುಗಳಲ್ಲಿ ಮೇಲ್ಮಟ್ಟದ್ದು, ಹಳೆಯದಾದರೂ ಸೊಗಸು ಹೋಗದ್ದು. ಹಳೆಯ ಸಿನಿಮಾ ಕ್ಲಾಸಿಕ್ ಆಗಬಹುದು. ಸಂಗೀತ, ಭಾಷೆ, ನೃತ್ಯಕ್ಕೆ ಕ್ಲಾಸಿಕಲ್.

ಕಾಂಪ್ಲಿಮೆಂಟ್ ಜೋಡಿ ಇಲ್ಲೇ ಮುಗಿಸಬಹುದು. ಹೋಟೆಲಿನಲ್ಲಿ ಕಾಂಪ್ಲಿಮೆಂಟರಿ ಅಂತ ಪುಕ್ಕಟೆ ಕೊಡುವುದಕ್ಕೆ, ಹೊಗಳುವುದಕ್ಕೆ ನಡುವೆ 'ಐ'. ಒಂದಕ್ಕೊಂದು ಪೂರಕವಾಗಿರುವುದಕ್ಕೆ 'ಇ', ಕಂಪ್ಲೀಟ್ ಪದದಲ್ಲಿ 'ಎಲ್' ಆದಮೇಲೆ ಇರುವ ಅದೇ 'ಇ'. ಕ್ವೈಟ್ ಮತ್ತು ಕ್ವಯಟ್ ಕೈತಪ್ಪು ಅಷ್ಟೇ, ಎರಡಕ್ಷರ ಅದಲುಬದಲು. ಸದ್ದಿಲ್ಲದ್ದು 'ಇ-ಟಿ'ಯಲ್ಲಿ ಮುಗಿಯುತ್ತದೆ, ಮೇಲ್ ಕಳಿಸುವ ಮುಂಚೆ ಕಣ್ಣಾಡಿಸಿದರೆ ಸಾಕು.

ಯಾವುದಕ್ಕೆ ಯಾವ ಸಾಧನ

ಫೋನಿನ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳುವುದು ಅಡ್ವೈಸ್-ಅಡ್ವೈಜ್, ಲೂಸ್-ಲೂಜ್, ವಿ-ಡಬ್ಲ್ಯು ಜೋಡಿಗಳಿಗೆ ತುಂಬಾ ಒಳ್ಳೆಯದು. ಸ್ಟೇಷನರಿ, ಪ್ರಿನ್ಸಿಪಲ್‌ಗೆ ಅದು ದಂಡ, ಎರಡೂ ಒಂದೇ ಥರ ಕೇಳುತ್ತವೆ. ಅವಕ್ಕೆ ಇಂಗ್ಲಿಷ್-ಕನ್ನಡ ನಿಘಂಟು ತೆಗೆಯಿರಿ. ಇಂಗ್ಲಿಷ್-ಇಂಗ್ಲಿಷ್ ನಿಘಂಟಿಗಿಂತ ಇಲ್ಲಿ ಅದೇ ಮೇಲು, 'ತತ್ವ', 'ಅಸಲು' ಅಂತ ಒಂದು ಪದ ಕಂಡ ಕೂಡಲೇ ವ್ಯತ್ಯಾಸ ತಿಳಿದುಬಿಡುತ್ತದೆ. ಹಿಸ್ಟಾರಿಕ್-ಹಿಸ್ಟಾರಿಕಲ್ ಥರದವಕ್ಕೆ ಮಾತ್ರ ಅದು ಸಾಲದು. ಕನ್ನಡದಲ್ಲಿ ಎರಡಕ್ಕೂ 'ಐತಿಹಾಸಿಕ' ಅಂತಲೇ ಕೊಟ್ಟಿರುತ್ತಾರೆ. ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್ ನಿಘಂಟಿನಲ್ಲಿ ಎರಡರ ವಾಕ್ಯಗಳನ್ನೂ ಓದಿ, ನಿಮ್ಮ ವಾಕ್ಯ ಯಾವುದಕ್ಕೆ ಹತ್ತಿರ ಅಂತ ನೋಡಿ ಆರಿಸಿ.